ಬಾಗಿಲ ಮುಂದಿನ ಚಪ್ಪಲಿ

ಘೋಣಸಗಿಯ ಮಾಬುಬಿಯ ಮನೆಗೆ ಬಾಗಿಲಿಲ್ಲ. ಇದ್ದ ಬಾಗಿಲನ್ನು ಅವಳ ಗಂಡ ದಾದಾಸಾಬನೇ ಕೀಲು ಬಿಚ್ಚಿ ಹಿತ್ತಲ ಗೋಡೆಗೆ ಒರಗಿಸಿ ಇಟ್ಟಿದ್ದಾನೆ. ಅದರ ಮೇಲೆ ಈಗ ಕೋಳಿಗಳು ಕೂರುತ್ತವೆ. ಬಾಗಿಲಿದ್ದ ಜಾಗದಲ್ಲಿ ಹಳೆಯ ಚಾದರವೊಂದು ನೇತಾಡುತ್ತದೆ. ಈ ಸುದ್ದಿ ಓಣಿಯ ಆಡುಗಳಿಗೆ ಮೊದಲು ತಿಳಿಯಿತು, ಆಮೇಲೆ ನಾಯಿಗಳಿಗೆ, ಕಡೆಗೆ ಮನುಷ್ಯರಿಗೆ.

ದಾದಾಸಾಬ ಬಸ್‌ಸ್ಟ್ಯಾಂಡಿನ ಹತ್ತಿರ ಪಂಚರ್ ತಿದ್ದುವವನು. "ಕಳ್ಳರು ಹೊಕ್ರ ಏನ್ ಮಾಡ್ತಿಯೋ ದಾದಾ?" ಎಂದು ಕಟ್ಟೆಯ ಮೇಲೆ ಕೂತವರು ಕೇಳಿದರೆ, "ಹೊಗಲಿ ಬಿಡ್ರಿ, ಚಾ ಕುಡದ ಹೋಗ್ಲಿ. ನಮ್ಮನ್ಯಾಗ ಚಲೋ ಸಾಮಾನ ಅಂದ್ರ ಆ ಬಾಗಲಾ ಒಂದ ಇತ್ತು. ಅದನ್ನೂ ಹಿತ್ತಲಕ ಇಟ್ಟೇನಿ," ಎನ್ನುತ್ತಾನೆ.

ನಿಜ ಸಂಗತಿ ಹೇಳಿದರೆ ಯಾರೂ ನಂಬುವುದಿಲ್ಲ. ಬಾಗಿಲು ಮುಚ್ಚಿದರೆ ಮಾಬುಬಿಗೆ ಉಸಿರು ನಿಲ್ಲುತ್ತದೆ. ಮೈ ತಣ್ಣಗಾಗುತ್ತದೆ, ಕೈಕಾಲು ನಡುಗುತ್ತವೆ, ಹಲ್ಲು ಕಟಕಟ ಬಡಿಯುತ್ತವೆ. ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಿ ಹಲ್ಲು ಬಡಿಯುವ ಹೆಂಗಸನ್ನು ನೋಡಿದರೆ ಜನ ನಗುತ್ತಾರೆ.

ಟಿಕೋಟಾ ರಸ್ತೆಯ ಮೇಲೆ ಸಾವಕಾರ ಗುರುಪಾದಯ್ಯನವರದೊಂದು ಕೋಲ್ಡ್ ಸ್ಟೋರೇಜ್ ಇದೆ. ಸುತ್ತಲಿನ ಶೆಡ್ಡುಗಳಲ್ಲಿ ಒಣಗಿದ ದ್ರಾಕ್ಷಿ ರಟ್ಟಿನ ಡಬ್ಬಿ ತುಂಬಿಕೊಂಡು ಅಲ್ಲಿಗೆ ಬರುತ್ತದೆ. ಮಣೂಕ ಎನ್ನುತ್ತಾರೆ ನಮ್ಮ ಕಡೆ. ಹೆಂಗಸರು ಆ ಡಬ್ಬಿಗಳನ್ನು ತಲೆಯ ಮೇಲೆ ಹೊತ್ತು ಥಂಡಿ ಖೋಲಿಯೊಳಗೆ ಒಟ್ಟಬೇಕು. ಕೇಳಿದಾಗ ಹೊರಗೆ ತರಬೇಕು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ವಸಡು ಮರಗಟ್ಟುವ ಥಂಡಿ. ದಿನವಿಡೀ ಒಳಗೆ ಹೊರಗೆ ತಿರುಗಿದರೆ ಸಂಜೆಗೆ ಮೊಣಕಾಲು ತನ್ನದೆನಿಸುವುದಿಲ್ಲ. ಪುಣ್ಯ ಮಾಡಿದ ಕೆಲವರಿಗೆ ಮಾತ್ರ ಹೊರಗಿನ ತಗಡಿನ ಚಪ್ಪರದಡಿ ಟೇಬಲ್ ಕೆಲಸ. ಕೂತು ಮಣೂಕದ ಕಡ್ಡಿ ಆರಿಸುವುದು. ಅಂಟು ಹಿಡಿದು ಉಗುರು ಕಪ್ಪಾಗುತ್ತದೆ, ಅಷ್ಟೆ.

ಥಂಡಿ ಖೋಲಿಯೊಳಗೆ ಚಪ್ಪಲಿ ಒಯ್ಯುವಂತಿಲ್ಲ. ತಿನ್ನುವ ಮಾಲು. ಹೆಂಗಸರು ಚಪ್ಪಲಿಯನ್ನು ಬಾಗಿಲ ಮುಂದೆ ಬಿಟ್ಟು, ಬರಿಗಾಲಲ್ಲಿ ಆ ಹಿಮದಂಥ ನೆಲ ತುಳಿಯುತ್ತಿದ್ದರು. ಮ್ಯಾನೇಜರ ಅರುಣಕುಮಾರನಿಗೆ ಇದರಿಂದ ಒಂದು ಅನುಕೂಲವೂ ಆಗಿತ್ತು. ಬಾಗಿಲ ಮುಂದೆ ಚಪ್ಪಲಿ ಇದ್ದರೆ ಒಳಗೆ ಮಂದಿ ಇದ್ದಾರೆ. ಚಪ್ಪಲಿ ಇಲ್ಲದಿದ್ದರೆ ಬಾಗಿಲು ಹಾಕು, ಲೈಟು ಆರಿಸು. ಇದಕ್ಕಿಂತ ಸಸ್ತಾ ಹಾಜರಿ ಜಗತ್ತಿನಲ್ಲಿ ಇನ್ನೊಂದಿಲ್ಲ.

ಅನುಕೂಲಗಳಿಗೇನೂ ಕೊರತೆ ಇರಲಿಲ್ಲ. ಬಾಗಿಲು ಬಹಳ ಹೊತ್ತು ತೆರೆದೇ ಇದ್ದರೆ ಒಳಗೆ ಸೆಖೆ ಹೊಕ್ಕು ಮಾಲು ಕೆಡುತ್ತದೆಂದು ಒಂದು ಎಚ್ಚರಿಕೆ ಗಂಟೆ ಹಾಕಿಸಿದ್ದರು. ಅದು ಹೊಡೆದುಕೊಂಡರೆ ಸಾವಕಾರರ ಫೋನೂ ಹೊಡೆದುಕೊಳ್ಳುತ್ತಿತ್ತು. ಮಣೂಕಕ್ಕೆ ಸೆಖೆಯಾದರೆ ಟಿಕೋಟಾದಲ್ಲಿ ಉಣ್ಣುತ್ತಿದ್ದ ಸಾವಕಾರರು ಎಡೆ ಬಿಟ್ಟು ಏಳುತ್ತಿದ್ದರು. ಬಾಗಿಲಿನ ಒಳಮೈಗೂ ಒಂದು ಹಿಡಿಕೆ ಇತ್ತು. ಅದು ಮುರಿದು ಎಷ್ಟೋ ಕಾಲವಾಗಿತ್ತು. ಹೊಸದು ಹಾಕಿಸಿರೆಂದು ಹೆಂಗಸರು ಕೇಳಿದಾಗ ಅರುಣಕುಮಾರ, "ಒಳಗಿಂದ ತಗ್ಯಾಕ ಏನ್ ಮಣೂಕ ಎದ್ದ ಬರ್ತಾವೇನು? ಹೊರಗ ನಾವ್ ಅದೇವಲ್ಲ," ಎಂದಿದ್ದ.

ಹೋದ ವರ್ಷ ಸಾಂಗಲಿ ಕಡೆಯ ವ್ಯಾಪಾರಿಗಳು ಮಾಲು ನೋಡಲು ಬಂದರು. ಬಾಗಿಲ ಮುಂದೆ ಹರಿದ ಚಪ್ಪಲಿ ಬಿದ್ದಿರುವುದು ನೋಡಲು ಹೊಲಸು ಕಾಣುತ್ತದೆಂದು ಅರುಣಕುಮಾರ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಸಿ ಸಂಡಾಸಿನ ಹಿಂದೆ ಇಡಿಸಿದ. ಆಗ ಮಾಬುಬಿ ಮತ್ತು ಅವಳ ಜೋಡಿ ಮಲಕವ್ವ ಖೋಲಿಯ ಕಟ್ಟಕಡೆಗೆ ಡಬ್ಬಿ ಒಟ್ಟುತ್ತಿದ್ದರು. ವ್ಯಾಪಾರಿಗಳು ಹೋದರು. ಸಂಜೆಯಾಯಿತು. ಉಳಿದ ಹೆಂಗಸರು ಚೀಲದಿಂದ ತಮ್ಮ ತಮ್ಮ ಚಪ್ಪಲಿ ತೆಗೆದುಕೊಂಡು ಹೋದರು, ತಳದಲ್ಲಿ ಉಳಿದ ಎರಡು ಜೋಡು ಯಾರ ಕಣ್ಣಿಗೂ ಬೀಳಲಿಲ್ಲ. ಬಾಗಿಲ ಮುಂದೆ ಚಪ್ಪಲಿ ಇರಲಿಲ್ಲ. ಬಾಗಿಲು ಹಾಕಿದರು, ಲೈಟು ಆರಿಸಿದರು.

ಮಲಕವ್ವ ಮೊದಮೊದಲು ನಕ್ಕಳು. "ತಿನ್ನಬೇ ಮಾಬು ಮಣೂಕ. ಇವತ್ತ ಬೈಯಾವ್ರ ಯಾರೂ ಇಲ್ಲ," ಎಂದಳು. ಆಮೇಲೆ ಇಬ್ಬರೂ ಬಾಗಿಲು ಗುದ್ದಿದರು. ಅದು ಗುದ್ದನ್ನು ನುಂಗುವ ಬಾಗಿಲು. ಆಮೇಲೆ ಡಬ್ಬಿಗಳ ರಟ್ಟು ಹರಿದು ಹೊದ್ದರು. ಹೆಂಡತಿ ಮನೆಗೆ ಬರಲಿಲ್ಲವೆಂದು ದಾದಾಸಾಬ ಗೇಟಿನ ತನಕ ಬಂದು ಕೇಳಿದ. ವಾಚಮನ್ ಬ್ಯಾಟರಿ ಬಿಟ್ಟು ತೋರಿಸಿದ. "ನೋಡಕೋ, ಒಂದ ಚಪ್ಪಲಿ ಇಲ್ಲ. ಎಲ್ಲಾರೂ ಹೋಗ್ಯಾರ." ದಾದಾಸಾಬ ಚಪ್ಪಲಿ ಇಲ್ಲದ್ದನ್ನು ಕಣ್ಣಾರೆ ನೋಡಿ ತಿರುಗಿ ಹೋದ.

ಬೆಳಿಗ್ಗೆ ಬಾಗಿಲು ತೆರೆದಾಗ ಮಲಕವ್ವನ ತಲೆ ಮಾಬುಬಿಯ ತೊಡೆಯ ಮೇಲಿತ್ತು. ಮಲಕವ್ವ ಇರಲಿಲ್ಲ.

ಸಾವಕಾರರು ಅತ್ತರು. ಸುಳ್ಳಲ್ಲ, ನಿಜವಾಗಿಯೇ ಅತ್ತರು. ಮಲಕವ್ವನ ಫೋಟೋ ಆಫೀಸಿನಲ್ಲಿ ಏರಿತು, ಮಣೂಕದ ಸ್ಯಾಂಪಲ್ ಬರಣಿಗಳ ಮೇಲೆ, ಹಾರದ ಸಮೇತ. ಮಾಬುಬಿಗೆ ಮಾತ್ರ ಏನೂ ಆಗಿರಲಿಲ್ಲ. ಎಲ್ಲರೂ ಅವಳ ಕೈಕಾಲು ತಿರುಗಿಸಿ ನೋಡಿದರು. ಒಂದು ಗೀರೂ ಇಲ್ಲ. "ಅಲ್ಲಾ ದೊಡ್ಡಾವ. ಉಳದಿ. ಸೋಮವಾರದಿಂದ ಕೆಲಸಕ್ಕ ಬಾ," ಎಂದ ಅರುಣಕುಮಾರ.

ಸೋಮವಾರ ಹೋದಳು. ತಲೆಯ ಮೇಲೆ ಡಬ್ಬಿ ಹೊತ್ತು ಆ ಬಾಗಿಲ ಮುಂದೆ ನಿಂತಳು. ಒಳಗಿನ ಮಷೀನು ಗುಂಯ್ ಎಂದಿತು. ಡಬ್ಬಿ ಕೆಳಗೆ ಬಿತ್ತು. ಸೀರೆ ಒದ್ದೆಯಾಯಿತು. ಎಲ್ಲರೆದುರು, ನಿಂತಲ್ಲೇ. ಟೇಬಲ್ ಕೆಲಸದ ರುದ್ರವ್ವ ಓಡಿ ಬಂದು ತನ್ನ ಸೆರಗಿನಿಂದ ಅವಳನ್ನು ಮರೆಮಾಡಿದಳು. ಅರುಣಕುಮಾರ ನಗುತ್ತ, "ಮಾಲಿನ ಮ್ಯಾಲ ಹೊಯ್ದಿಲ್ಲಲ್ಲ, ನೋಡ್ರಿ," ಎಂದ.

ಅಂದಿನಿಂದ ಊರೆಲ್ಲ ಡಾಕ್ಟರೇ. ಒಬ್ಬರು ಗಾಳಿ ಸೋಕಿದೆ ಎಂದರು. ಒಬ್ಬರು ದರ್ಗಾದ ನೀರು ಕುಡಿಸಿರಿ ಎಂದರು, ಕುಡಿಸಿದರು. ಒಬ್ಬರು ಲಿಂಬೆಹಣ್ಣು ಇಳಿಸಿರಿ ಎಂದರು, ಇಳಿಸಿದರು. ತಾಯತ ಕಟ್ಟಿದರು. ಸತ್ತ ಮಲಕವ್ವನೇ ಅವಳ ಮೈಯಲ್ಲಿ ಬಂದಿದ್ದಾಳೆಂದು ಒಬ್ಬಳು ಪಿಸುಗುಟ್ಟಿದಾಗ ರುದ್ರವ್ವ ಸುಮ್ಮನೆ ಕೂಡಲಿಲ್ಲ. "ಮಲಕವ್ವ ಬರೂದಿದ್ರ ಅರುಣಕುಮಾರನ ಮೈಯಾಗ ಬರ್ತಿದ್ಲು ತಗೀಬೇ. ಬದುಕಿದ್ದಾಗೂ ಶಾಣ್ಯಾ ಹೆಂಗಸು ಆಕಿ. ಸತ್ತ ಮ್ಯಾಲೆ ದಡ್ಡಿ ಆಗ್ಯಾಳೇನು, ಈ ಬಡವಿ ಮೈ ಹುಡಕ್ಕೊಂಡ ಬರಾಕ?"

ಕಡೆಗೆ ರುದ್ರವ್ವನೇ ಅವಳನ್ನು ಬಸ್ಸು ಹತ್ತಿಸಿ ವಿಜಯಪುರದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಳು. ಮನಸ್ಸಿನ ಡಾಕ್ಟರು ಅನುರಾಧಾ ಎಂಬ ಹೆಣ್ಣುಮಗಳು. ಮಾಬುಬಿ ಒಳಗೆ ಹೋಗದೆ ಹೊಸ್ತಿಲ ಮೇಲೆಯೇ ನಿಂತಳು. ಡಾಕ್ಟರು ಏನೂ ಕೇಳದೆ ತಮ್ಮ ಕುರ್ಚಿಯನ್ನೇ ಎಳೆದುಕೊಂಡು ಬಂದು ಬಾಗಿಲ ಬಳಿ ಹಾಕಿಕೊಂಡರು.

"ತಗದ ಇರ್ಲಿ ಬಿಡ್ರಿ ಬಾಗಲಾ. ಇಲ್ಲೇ ಮಾತಾಡೂಣು."

ಮಾಬುಬಿ ಅಳತೊಡಗಿದ್ದು ಆಗಲೇ. ಹೇಳಿದಳು. ಚಪ್ಪಲಿ ಗುಡಿಸಿದ ಅಂಗಳ ಕಂಡರೆ ಎದೆ ಹೊಡೆದುಕೊಳ್ಳುವುದು, ಕಿರಾಣಿ ಅಂಗಡಿಯ ಫ್ರಿಜ್ಜಿನ ಸದ್ದಿಗೆ ಓಡಿಹೋಗುವುದು, ಕಣ್ಣು ಮುಚ್ಚಿದರೆ ತೊಡೆಯ ಮೇಲೆ ಆ ತಲೆಯ ಭಾರ.

"ನಿಮ್ಮ ಮೈ ಹೊರಗ ಬಂದೈತ್ರಿ. ಜೀವಕ್ಕ ಇನ್ನೂ ಯಾರೂ ಬಾಗಲಾ ತಗದಿಲ್ಲ," ಎಂದರು ಡಾಕ್ಟರು. "ಇದು ಗಾಳಿ ಅಲ್ಲ, ದೆವ್ವ ಅಲ್ಲ. ಭಾಳ ದೊಡ್ಡ ಪೆಟ್ಟು ಬಿದ್ದವರಿಗಿ ಬರೂ ಬ್ಯಾನಿ. ಪಿಟಿಎಸ್‌ಡಿ ಅಂತಾರ."

"ನನಗ ಪೆಟ್ಟ ಬಿದ್ದಿಲ್ರಿ ಬಾಯಾರ. ಎಲ್ಲಾರೂ ನೋಡ್ಯಾರ."

"ಎಲ್ಲಾರೂ ಹೊರಗಿಂದ ನೋಡ್ಯಾರ."

"ಹಂಗಾರ ನಾ ಹುಚ್ಚಿ ಅಲ್ಲೇನ್ರಿ?"

"ಅಲ್ಲ. ಗುಳಗಿ ತಗೋರಿ, ಬಂದು ಮಾತಾಡ್ರಿ, ತಡಾ ಆಗ್ತೈತಿ, ಆದ್ರ ಆರಾಮ ಆಗ್ತೀರಿ. ಕೆಲಸನೂ ಮಾಡ್ರಿ. ಆ ಖೋಲಿಯೊಳಗ ಮಾತ್ರ ಈಗ ಬ್ಯಾಡ." ಅಷ್ಟನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಚೀಟಿ ಓದಿ ಅರುಣಕುಮಾರ ಕುರ್ಚಿಗೆ ಒರಗಿದ. "ಆಘಾತದ ನಂತರದ ಒತ್ತಡ. ಒತ್ತಡ ನನಗಿಲ್ಲೇನು? ಸಾವಕಾರ್ರಿಗಿಲ್ಲೇನು? ಈ ರೋಗ ಮಿಲಿಟ್ರಿಯವ್ರಿಗಿ ಬರೂದಬೇ. ಬಾರ್ಡರಿಗಿ ಹೋದವ್ರಿಗಿ. ಮಣೂಕದ ಡಬ್ಬಿ ನಿನ್ನ ಮ್ಯಾಲ ಗುಂಡ ಹಾರಿಸಿದ್ವೇನು?"

"ಟೇಬಲ್ ಮ್ಯಾಲ ಕೂಡಸ್ರಿ ಸರ. ಕಡ್ಡಿ ಆರಿಸ್ತೀನಿ."

"ಟೇಬಲ್ ಸಿಗತೈತಿ ಅಂದ್ರ ನಾಳಿ ಎಲ್ಲಾರಿಗೂ ಇದ ರೋಗ ಬರತೈತಿ. ನಾಟಕ ಬ್ಯಾಡ. ಖೋಲಿಯೊಳಗ ಹೋಗೂದಿದ್ರ ಬಾ, ಇಲ್ಲಂದ್ರ ಮನ್ಯಾಗ ಇರು."

ಮನೆಯಲ್ಲಿ ಇದ್ದಳು. ಪರಿಹಾರ ಸಿಗಬಹುದೇನೋ ಎಂದು ವಿಜಯಪುರದ ಕಾರ್ಮಿಕರ ಆಫೀಸಿಗೂ ಹೋಗಿ ಬಂದಳು. ಅಲ್ಲಿಯ ಸಾಹೇಬ ಕನ್ನಡಕ ಏರಿಸಿ, "ಗಾಯ ಎಲ್ಲೈತಿ ತೋರಸವ್ವಾ," ಎಂದ. ಜೊತೆಗಿದ್ದ ರುದ್ರವ್ವ, "ತಲಿಯೊಳಗ ಐತ್ರಿ. ಬುರಡಿ ಬಿಚ್ಚಲೇನ್ರಿ?" ಎಂದಳು. ಇಬ್ಬರನ್ನೂ ಹೊರಗೆ ಕಳಿಸಿದರು.

ಇಷ್ಟರಲ್ಲಿ ಬಬಲೇಶ್ವರದಲ್ಲಿ ಮಾನಸಿಕ ಆರೋಗ್ಯದ ಜಾಗೃತಿ ಕಾರ್ಯಕ್ರಮ ಬಂತು. ಖರ್ಚು ಗುರುಪಾದಯ್ಯ ಸಾವಕಾರರದು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ 'ಮನದ ಬಾಗಿಲು ತೆರೆಯೋಣ' ಎಂದು ಬರೆದಿತ್ತು. ಎಸಿ ಹೊರಗೆ ಹೋಗುತ್ತದೆಂದು ಸಭಾಭವನದ ಬಾಗಿಲು ಮುಚ್ಚಿದ್ದರು. ತನಗೂ ಉಪಯೋಗವಾದೀತೆಂದು ಬಂದು ಹಿಂದೆ ಕೂತಿದ್ದ ಮಾಬುಬಿ ಎದ್ದು ಹೋಗಿ ತೆರೆದಳು. ಬಿಲ್ಲೆ ಹಚ್ಚಿಕೊಂಡವನೊಬ್ಬ ಬಂದು ಮುಚ್ಚಿದ. ಮತ್ತೆ ತೆರೆದಳು. ಮತ್ತೆ ಮುಚ್ಚಿದ. ಭಾಷಣಕಾರರು ಮಾತು ನಿಲ್ಲಿಸಿ, "ಹಿಂದೆ ಯಾರೋ ತಾಯಿ ಗದ್ದಲ ಮಾಡುತ್ತಿದ್ದಾರೆ. ಇಂಥವರ ಬಗ್ಗೆ ನಮಗೆ ಕರುಣೆ ಇರಬೇಕು. ದಯವಿಟ್ಟು ಅವರನ್ನು ಹೊರಗೆ ಕರೆದುಕೊಂಡು ಹೋಗಿ," ಎಂದರು. ಒಳ್ಳೆಯ ವಿಚಾರ ಮಾಡಬೇಕು, ಬೆಳಿಗ್ಗೆ ಬೇಗ ಏಳಬೇಕು, ಬಿಸಿನೀರು ಕುಡಿಯಬೇಕು ಎಂಬ ಉಳಿದ ಉಪಾಯಗಳನ್ನು ಅವಳು ಹೊರಗೆ ಮೈಕಿನಲ್ಲಿ ಕೇಳಿದಳು. ಹೋಗುವಾಗ ಪ್ರತಿಯೊಬ್ಬರಿಗೂ ಒಂದೊಂದು ಪೊಟ್ಟಣ ಕೊಟ್ಟರು. ಬಿಚ್ಚಿ ನೋಡಿದರೆ ಮಣೂಕ.

ಅದಾದ ಮೇಲೆ ಒಂದು ಮಧ್ಯಾಹ್ನ ಅರುಣಕುಮಾರ ಘೋಣಸಗಿಗೆ ಬಂದ. ತಟ್ಟಲು ಬಾಗಿಲಿರಲಿಲ್ಲ. ಚಾದರದ ಮುಂದೆ ನಿಂತು ಕೆಮ್ಮಿದ. ಒಳಗಿನಿಂದ ಮೊದಲು ಒಂದು ಆಡು ಹೊರಬಂದಿತು, ಆಮೇಲೆ ಮಾಬುಬಿ.

"ಸುರಕ್ಷತಾ ಸಪ್ತಾಹ ಐತಿ. ಸರಕಾರದ ದೊಡ್ಡ ಸಾಹೇಬ್ರ ನೋಡಾಕ ಬರಾಕತ್ತಾರ. ಅಣಕು ಕಾರ್ಯಾಚರಣೆ ಮಾಡಿ ತೋರಿಸ್ಬೇಕು," ಎಂದ. "ಅಂದ್ರ, ಯಾರೋ ಒಬ್ರು ಥಂಡಿ ಖೋಲಿಯೊಳಗ ಸಿಕ್ಕೊಂಡಂಗ. ಬಾಗಲಾ ಹಾಕೂದು, ಎರಡ ನಿಮಿಷ ಬಿಟ್ಟು ತಗೂದು, ಸ್ಟ್ರೆಚರ್ ಮ್ಯಾಲ ಹೊತ್ಕೊಂಡ ಬರೂದು. ಅದನ್ನ ನಿನ್ನಷ್ಟ ಚಂದ ಯಾರೂ ಮಾಡಂಗಿಲ್ಲ. ಅವತ್ತ ಹೆಂಗ ನಡಗಿದ್ದಿ, ಹಂಗ ನಡಗಿದ್ರ ಸಾಕು."

"ನಾಟಕ ಬ್ಯಾಡ ಅಂದಿದ್ರಿ."

"ಅದು ನೀ ಮಾಡಿದ್ದು. ಇದು ನಾವು ಮಾಡಸೂದು." ಅರುಣಕುಮಾರ ದನಿ ತಗ್ಗಿಸಿದ. "ಮಾಡಿದ್ರ ಟೇಬಲ್ ಕೆಲಸ ಕೊಡ್ತೀನಂದಾರ ಸಾವಕಾರ್ರು. ಖಾಯಂ."

ದಾದಾಸಾಬ ಬೇಡವೆಂದ. ಮಾಬುಬಿ ಲೆಕ್ಕ ಹಾಕಿದಳು. ಟೇಬಲ್ಲು. ತಗಡಿನ ಚಪ್ಪರ. ನಾಲ್ಕೂ ಕಡೆ ಬಯಲು, ಪಕ್ಕದಲ್ಲಿ ರುದ್ರವ್ವ, ಕೈತುಂಬ ಕೆಲಸ. ಮತ್ತೆ ಮನುಷ್ಯಳಂತೆ ಇರುವುದು.

"ನನ್ನ ಚಪ್ಪಲಿ ಬಾಗಲ ಮುಂದನ ಇರ್ಬೇಕು," ಎಂದಳು. "ಯಾರೂ ಮುಟ್ಟಬಾರದು. ಅಷ್ಟ ನಡಸಿಕೊಟ್ರ ಬರ್ತೀನಿ."

"ಮುಟ್ಟಂಗಿಲ್ಲ ಬಿಡಬೇ. ಬೇಕಂದ್ರ ಊದಿನಕಡ್ಡಿ ಹಚ್ಚಿ ಕಾಯತೀನಿ."

ಅವನು ಹೋದ ಮೇಲೆ ಮಾಬುಬಿ ಗಂಡನಿಗೆ, "ಆ ಬಾಗಲಾ ತಗೊಂಡ ಬಾ," ಎಂದಳು. ಕೋಳಿಗಳು ಗಲಾಟೆ ಮಾಡಿದವು. ದಾದಾಸಾಬ ಬಾಗಿಲು ತಂದು ಚೌಕಟ್ಟಿಗೆ ಆನಿಸಿ ಹೊರಗಿನಿಂದ ಹಿಡಿದು ನಿಂತ. ಒಳಗೆ ಅವಳು ಕೂತಳು. ಸಂದಿಯಲ್ಲಿ ತನ್ನ ಚಪ್ಪಲಿಯ ನೀಲಿ ಪಟ್ಟಿ ಕಾಣುತ್ತಿತ್ತು. "ಮಾತಾಡ," ಎಂದಳು. ಅವನು ಮಾತಾಡಿದ. ಯಾರ ಗಾಡಿಯ ಟೈರು ಹರಿಯಿತು, ಯಾರು ಟ್ಯೂಬಿಗೆ ತೇಪೆ ಹಾಕಿಸಿಕೊಂಡು ರೊಕ್ಕ ಕೊಡದೆ ಮಸೀದಿಯ ಮುಂದೆ ಸಿಕ್ಕರೂ ಮುಖ ತಿರುಗಿಸಿದರು, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ, "ಅವತ್ತ ನಾ ಚಪ್ಪಲಿ ನೋಡಿ ಹೋಗ್ಬಾರದಿತ್ತು," ಎಂದ. ಒಳಗಿನಿಂದ ಅವಳು, "ಅದನ್ನ ಬಿಡು. ಟೈರಿಂದ ಹೇಳು," ಎಂದಳು. ಮೈಯೆಲ್ಲ ಬೆವೆತು ಹೊರಬಂದಳು. ಆದರೆ ಓಡಿ ಬರಲಿಲ್ಲ, ನಡೆದು ಬಂದಳು. ದಿನಾ ಹೀಗೆ ಮಾಡಿದರು.

ಆ ದಿನ ಬಂತು. ಶಾಮಿಯಾನ, ಕೆಂಪು ಹಾಸು, ಬ್ಯಾನರು. ದೊಡ್ಡ ಸಾಹೇಬರೂ ಅವರ ಪರಿವಾರವೂ ಬೂಟು ಬಿಚ್ಚಿ ಸಾಕ್ಸಿನಲ್ಲಿ ನಿಂತರು. ತಿನ್ನುವ ಮಾಲಲ್ಲವೆ. ಅವರ ಬೂಟಿಗೆಂದೇ ಬಾಗಿಲ ಪಕ್ಕಕ್ಕೆ ಒಂದು ಸ್ಟ್ಯಾಂಡು, ಅದನ್ನು ಕಾಯಲು ಒಬ್ಬ ಸಿಪಾಯಿ. ಗೇಟಿನ ಹೊರಗೆ ದಾದಾಸಾಬ ನಿಂತಿದ್ದ. ವಾಚಮನ್ ಹೋಗು ಎಂದದ್ದಕ್ಕೆ, "ಈ ಸಲ ಹೆಂಡ್ತಿ ಮಾರಿ ನೋಡಿನ ಹೋಗಾಂವ," ಎಂದಿದ್ದ.

ಮಾಬುಬಿ ಬಂದಳು. ಚಪ್ಪಲಿ ಬಿಟ್ಟಳು. ಹೊಸ್ತಿಲು ದಾಟಿ, ಗುಂಯ್ ಎನ್ನುವ ಆ ಥಂಡಿಯೊಳಗೆ ಹೋಗಿ, ಹೇಳಿದ ಜಾಗದಲ್ಲಿ ಮಲಗಿದಳು. ನೆಲ ಬೆನ್ನನ್ನು ಕಚ್ಚಿತು. ಬಾಗಿಲಿನ್ನೂ ತೆರೆದಿತ್ತು. ತಲೆ ಹೊರಳಿಸಿ ಹೊಸ್ತಿಲ ಕಡೆ ನೋಡಿದಳು.

ಚಪ್ಪಲಿ ಇರಲಿಲ್ಲ.

ಅವಳದಷ್ಟೇ ಅಲ್ಲ. ಯಾರ ಚಪ್ಪಲಿಯೂ ಇರಲಿಲ್ಲ. ಕೆಂಪು ಹಾಸು ನೀಟಾಗಿತ್ತು. ಸಂಡಾಸಿನ ಕಡೆ ಒಬ್ಬ ಗೋಣಿಚೀಲ ಎಳೆದುಕೊಂಡು ಹೋಗುತ್ತಿದ್ದ. "ಫೋಟೋದಾಗ ಹೊಲಸ ಕಾಣತಾವ," ಎನ್ನುತ್ತಿದ್ದ ಅರುಣಕುಮಾರ.

ಮಾಬುಬಿ ಎದ್ದಳು. ಬರಿಗಾಲು. ಹಾಗೇ ನಡೆದಳು. ಸಾಹೇಬರ ಮುಂದಿನಿಂದಲೇ ಹಾಯ್ದು ಹೋಗಿ ಆ ಚೀಲ ಕಸಿದುಕೊಂಡಳು. ಹೊತ್ತುಕೊಂಡು ಬಂದು ಬಾಗಿಲ ಮುಂದೆ ಸುರಿದಳು. ಹರಿದವು, ಪಿನ್ನು ಚುಚ್ಚಿದವು, ಹಿಮ್ಮಡಿ ಸವೆದವು. ಚೀಲ ಜಾಡಿಸಿದ ರಭಸಕ್ಕೆ ಸ್ಟ್ಯಾಂಡೂ ಉರುಳಿ ಬೂಟುಗಳು ಚಪ್ಪಲಿಗಳಲ್ಲಿ ಬೆರೆತುಹೋದವು. ಅವಳು ಹೊಸ್ತಿಲ ಮೇಲೆ, ಬಾಗಿಲು ಮುಚ್ಚಲು ಬಾರದಂತೆ, ಖೋಲಿಗೆ ಬೆನ್ನು ಕೊಟ್ಟು ಕೂತಳು.

ಸಾಹೇಬರು ಅವಳನ್ನು ನೋಡಿ ಮ್ಯಾನೇಜರನ ಕಡೆ ತಿರುಗಿದರು. ಅರುಣಕುಮಾರ ನಕ್ಕು, "ಇದೂ ಅಣಕು ಕಾರ್ಯಾಚರಣೆಯ ಭಾಗ ಸರ್. ಕಾರ್ಮಿಕರ ಗಾಬರಿ ಹೇಗಿರುತ್ತದೆ ಅಂತ," ಎಂದ.

ಸಾಹೇಬರು ಚಪ್ಪಾಳೆ ತಟ್ಟಿದರು. ಪರಿವಾರವೂ ತಟ್ಟಿತು. "ಬಹಳ ನೈಜವಾಗಿದೆ. ಕೈ ನೋಡಿ, ಹೇಗೆ ನಡುಗುತ್ತಿದೆ," ಎಂದರು. ಫೋಟೋದವನು ಬಗ್ಗಿ ಆ ಕೈಯ ಫೋಟೋ ತೆಗೆದ. "ತಾಯಿ, ಇನ್ನು ಒಳಗೆ ಹೋಗಿ, ಬಾಗಿಲು ಹಾಕಲಿ."

"ಹೋಗಂಗಿಲ್ರಿ."

"ಸಂಭಾಷಣೆಯೂ ಚೆನ್ನಾಗಿದೆ."

"ಇದು ನಾಟಕ ಅಲ್ರಿ ಸಾಹೇಬ್ರ," ಎಂದಳು ಮಾಬುಬಿ. ಹಲ್ಲು ಬಡಿಯುತ್ತಿದ್ದವು. ಬಡಿಯುತ್ತಲೇ ಮಾತಾಡಿದಳು. "ಹೋದ ವರ್ಷನೂ ವ್ಯಾಪಾರಿಗೋಳ ಬರ್ತಾರಂತ ನಮ್ಮ ಚಪ್ಪಲಿ ಗುಡಿಸಿದ್ರು. ಚಪ್ಪಲಿ ಇಲ್ಲಂತ ಬಾಗಲಾ ಹಾಕಿದ್ರು. ಮಲಕವ್ವ ನನ್ನ ತೊಡಿ ಮ್ಯಾಲ ಸತ್ಲು. ಒಳಗ ಹಿಡಿಕಿ ಇಲ್ಲ. ಇವತ್ತೂ ಇಲ್ಲ. ಹೋಗಿ ನೋಡ್ರಿ."

ಆಗಲೇ ಗಂಟೆ ಹೊಡೆಯಿತು. ಬಾಗಿಲು ತೆರೆದು ಬಹಳ ಹೊತ್ತಾಗಿತ್ತು, ಮಣೂಕಕ್ಕೆ ಸೆಖೆಯಾಗಿತ್ತು. ಸಾಹೇಬರು ಇದೂ ಕಾರ್ಯಕ್ರಮದ ಭಾಗವೆಂದು ಇನ್ನೊಮ್ಮೆ ಚಪ್ಪಾಳೆಗೆ ಕೈ ಎತ್ತಿದರು. ಆದರೆ ಪಕ್ಕದಲ್ಲಿ ನಿಂತಿದ್ದ ಗುರುಪಾದಯ್ಯ ಸಾವಕಾರರ ಅಂಗಿಯ ಜೇಬಿನಲ್ಲಿ ಫೋನೂ ಹೊಡೆದುಕೊಂಡಿತು. ಅವರ ಮುಖದ ಬಣ್ಣ ಹೋಯಿತು.

"ಬಾಗಲಾ ಹಾಕ್ರಿ. ಮಾಲು ಹೋಗತೈತಿ. ಏಳಬೇ ಮಾಬುಬಿ, ಟೇಬಲ್ ಕೊಟ್ಟೇನಿ, ಇವತ್ತ ಕೊಟ್ಟೇನಿ. ಏಳು."

ಮಾಬುಬಿ ಚಪ್ಪರದ ಕಡೆ ನೋಡಿದಳು. ಟೇಬಲ್ಲು ಅಲ್ಲೇ ಇತ್ತು. ಎದ್ದು ಹೋಗಿ ಕೂತರೆ ಮುಗಿಯಿತು. ಬೆನ್ನ ಹಿಂದೆ ಖೋಲಿ ಗುಂಯ್ ಎನ್ನುತ್ತಿತ್ತು. ನಾಳೆ ಅದರೊಳಗೆ ಇನ್ಯಾರೋ ಹೋಗುತ್ತಾರೆ.

"ಒಳಗ ಹಿಡಿಕಿ ಹಾಕಸ್ರಿ. ಆಮ್ಯಾಲ ಏಳ್ತೀನಿ."

ಅರುಣಕುಮಾರ ಅವಳ ರಟ್ಟೆಗೆ ಕೈ ಹಾಕಲು ಬಗ್ಗಿದ. ರುದ್ರವ್ವ ಬಂದು ನಡುವೆ ಕೂತಳು. "ಮುಟ್ಟಬ್ಯಾಡ್ರಿ ಸರ. ಈ ರೋಗ ಮಿಲಿಟ್ರಿಯವ್ರಿಗಿ ಬರೂದು ಅಂದಿದ್ರಿ ಹೌದಲ್ಲ? ಮಿಲಿಟ್ರಿ ಬಂದ ಕೂತೈತಿ ಅಂತ ತಿಳ್ಕೋರಿ." ಟೇಬಲ್ಲಿನ ಹೆಂಗಸರೂ ಡಬ್ಬಿ ಹೊರುವವರೂ ಕೆಲಸ ಬಿಟ್ಟು ಎದ್ದರು. ಒಬ್ಬೊಬ್ಬರೇ ಬಂದು ರಾಶಿಯಿಂದ ತಮ್ಮ ಚಪ್ಪಲಿ ಆರಿಸಿ, ಬಾಗಿಲ ಮುಂದೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಕೂತರು. ಗೇಟಿನಿಂದ ದಾದಾಸಾಬ ಕೂಗಿ ಹೇಳಿದ: "ಹಿಡಿಕಿ ತಂದಕೊಡ್ರಿ, ಕೂಡಸೂದ ನಾ ಕೂಡಸ್ತೀನಿ. ನಟ್ಟ ಬಿಗಿಯೂ ಪಾನಾ ನನ್ನ ಕಡೆ ಐತಿ."

ಸಾವಕಾರರು ಒಬ್ಬನನ್ನು ಮೋಟರ್‌ಸೈಕಲ್ ಮೇಲೆ ವಿಜಯಪುರಕ್ಕೆ ಓಡಿಸಿದರು, ಹಿಡಿಕೆ ತರಲು. ದೊಡ್ಡ ಸಾಹೇಬರು ಹೊರಡೋಣವೆಂದರೆ ಬೂಟು ಒಂದೇ ಸಿಕ್ಕಿತ್ತು. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಸಾಕ್ಸು. ಆ ರಾಶಿಯಲ್ಲಿ ಬಗ್ಗಿ ಹುಡುಕುತ್ತಿದ್ದರು.

"ಅಲ್ಲೇ ಇರ್ತೈತಿ ಹುಡಕ್ರಿ," ಎಂದಳು ರುದ್ರವ್ವ. "ಇದ್ರ ಚಲೋನ ಆತು. ಮಂದಿ ಅದಾರ ಅಂತ ಗೊತ್ತಾಗತೈತಿ."

ಗಂಟೆ ಹೊಡೆಯುತ್ತಲೇ ಇತ್ತು. ಸಾಹೇಬರು ಕಿವಿ ಮುಚ್ಚಿಕೊಂಡು, "ಅದನ್ನಾದರೂ ನಿಲ್ಲಿಸ್ರೀ ಯಾರಾದರೂ," ಎಂದರು. ಅರುಣಕುಮಾರ ಸ್ವಿಚ್ಚಿನ ಕಡೆ ಹೊರಟ.

"ಬ್ಯಾಡ್ರಿ," ಎಂದಳು ಮಾಬುಬಿ. ಅವಳ ಕೈ ಇನ್ನೂ ನಡುಗುತ್ತಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. "ಹೊಡೀಲಿ ಬಿಡ್ರಿ ಅದು. ಹೋದ ವರ್ಷ ಹೊಡೀಬೇಕಿತ್ತು."